ನನ್ನ ಮಗ್ಗದ ಗುಂಡಿಯಲ್ಲಿ ಬಿಡಾರ ಹೂಡಿರುವ ಆಂಪ್ಲಿಫೈಯರ್ ಅವರಿಗೆ

ಮಾನ್ಯರೇ,

ಮೊಳಕಾಲ್ಮೂರಿನ ನೇಕಾರರ ಬೀದಿಯ ರಾಧಮ್ಮ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಹಾಗಿಲ್ಲ, ತಮ್ಮ ಕ್ಷೇಮ ಸಮಾಚಾರ ಬೆಳಗಿನಿಂದ ಅಕ್ಕಪಕ್ಕದ ಬೀದಿಗಳಿಗೂ ಕೇಳುತ್ತಲೇ ಐತೆ. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಸತ್ತ ಯುಪಿಎಸ್ ಡಬ್ಬದ ಟ್ರಾನ್ಸ್‌ಫಾರ್ಮರನ್ನೇ ಹೊಟ್ಟೆಗೆ ಹಾಕಿಕೊಂಡಿರುವ ತಮಗೆ ಇದೇನು ಭಾರವಲ್ಲ.

ತಮ್ಮನ್ನು ಹುಟ್ಟಿಸಿದವನು ನನ್ನ ಮಗ ಗೋಪಿ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಮೋಟಾರು ರಿಪೇರಿ ಮಾಡುವವನು, ಇಬ್ಬರು ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಿದವನು, ಬಸ್ಸಿಳಿದು ಬರುವಾಗ ಊಟದ ಡಬ್ಬಿಯಲ್ಲಿ ಮಂಡಕ್ಕಿ ತರುತ್ತಾನೆಂದು ನೋಡಿದರೆ ಹಳೇ ಕೆಪಾಸಿಟರು, ಅಲ್ಯೂಮಿನಿಯಂ ತುಂಡು, ಸುರುಳಿ ವೈರು ತರುತ್ತಾನೆ. ಅಂಗಡಿಯಲ್ಲಿ ಸಿಗುವುದನ್ನು ಯಾಕೆ ಮಾಡುತ್ತೀಯೋ ಎಂದರೆ, “ಮನೇಲಿ ಮಾಡಿದ್ದರ ರುಚೀನೇ ಬೇರೆ ಕಣಮ್ಮ” ಅನ್ನುತ್ತಾನೆ. ಉಪ್ಪಿನಕಾಯಿಯ ವಿಷಯದಲ್ಲಿ ನಾನೂ ಒಪ್ಪುತ್ತೇನೆ, ಆದರೆ ನಾನು ಹಾಕಿದ ಉಪ್ಪಿನಕಾಯಿ ಒಂದು ದಿನವೂ ಕಿರುಚಿಲ್ಲ.

ತಮ್ಮ ಸೇವೆಯಲ್ಲಿ ನಾನೇನೂ ಕಡಿಮೆ ಮಾಡಿಲ್ಲ. ಹಾಡಿಲ್ಲದ ಹೊತ್ತಿನಲ್ಲೂ ತಾವು ಗುಂಯ್ ಎನ್ನುತ್ತಿದ್ದಿರಿ, ಅದು ಅರ್ಥಿಂಗ್ ಸರಿಯಿಲ್ಲದ ಗುಂಯ್ ಎಂದು ಗೋಪಿ ಹಿತ್ತಿಲಲ್ಲಿ ಗುಣಿ ತೋಡಿ, ಇದ್ದಲು, ಉಪ್ಪು ತುಂಬಿ, ಕಬ್ಬಿಣದ ಸಲಾಕೆ ನೆಟ್ಟು, ದಿನಾ ಒಂದು ಚೊಂಬು ನೀರು ಹಾಕಲು ನನಗೆ ಹೇಳಿದ. ಸ್ನಾನ ಮಾಡಿ ಬಂದು ತುಳಸಿಗೊಂದು ಚೊಂಬು, ತಮಗೊಂದು ಚೊಂಬು ಹಾಕುತ್ತಿದ್ದೇನೆ. ತುಳಸಿಯಾದರೂ ಸುಮ್ಮನಿರುತ್ತದೆ.

ಇನ್ನು ತಮ್ಮ ಭಕ್ತರು. ತಳಕು ಊರಿನಿಂದ ಗೋಪಿಯ ಸ್ನೇಹಿತ ದುರುಗೇಶ್ ಬಂದು ಕಣ್ಣು ಮುಚ್ಚಿ ಕೂರುತ್ತಾನೆ. ಹಾಡು ಈಗ ತಾನೇ ಶುರುವಾಗಿ, ಪಾಪ ಆ ಗಾಯಕಿ ಬಾಯಿ ತೆರೆಯುವಷ್ಟರಲ್ಲಿ, “ತಡಿಯಲೇ, ಆ ತಬಲಾ ಇನ್ನೊಂದ್ಸಲ ಹಾಕು” ಅನ್ನುತ್ತಾನೆ. ಇವರಿಬ್ಬರೂ ಈವರೆಗೆ ಒಂದು ಹಾಡನ್ನೂ ಪೂರ್ತಿ ಕೇಳಿದ್ದನ್ನು ನಾನು ನೋಡಿಲ್ಲ. “ಲೇ ಗೋಪಿ, ಬೇಸು ಎದೆಗೇ ಬಂತು ಕಣ್ಲೇ” ಎಂದು ಆ ಧಂಧಂ ಸದ್ದಿಗೆ ಅವನು ಕುಣಿದಾಗ, ನನಗೂ ಎದೆಗೇ ಬಂದಿದೆ, ಆಸ್ಪತ್ರೆಗೆ ಒಟ್ಟಿಗೇ ಹೋಗೋಣ ಬಾ ಮಗಾ ಎಂದು ಕರೆದೆ. ಟೀ ಕುಡಿದು ಹೋದ.

ಇಷ್ಟನ್ನೂ ಸಹಿಸಿದ್ದೇನೆ. ಸಹಿಸಲಾಗದ್ದು ಒಂದೇ, ತಮ್ಮ ವಿಳಾಸ.

ಮಂಡಿ ನೋವಿಗೆ ಔಷಧಿ ಕೊಡಿಸಲೆಂದು ಮಗಳು ನನ್ನನ್ನು ಚಳ್ಳಕೆರೆಯ ತನ್ನ ಮನೆಗೆ ಕರೆದುಕೊಂಡು ಹೋದಳು. ಹೋಗುವಾಗ ಗೋಪಿಗೆ, “ನನ್ನ ಮಗ್ಗದ ಗುಂಡಿ ಬರಿದೇ ಬಿಡಬ್ಯಾಡ, ಪಕ್ಕದ ಮನೆ ಕೋಳಿ ಬೀಳ್ತದೆ, ಹಲಗೆ ಮುಚ್ಚು” ಎಂದಿದ್ದೆ. ಮಾತು ಕೇಳುವ ಮಗ. ಮಂಡಿ ವಾಸಿಯಾಗಿ ಬಂದು ನೋಡುತ್ತೇನೆ, ಮಗ್ಗ ಬಿಚ್ಚಿ ಅಟ್ಟ ಸೇರಿದೆ, ಮದುವೆಯಾಗಿ ಬಂದಾಗಿನಿಂದ ನಾನು ಕೂತು ಕೂತು ನುಣುಪು ಮಾಡಿದ ಹಲಗೆಯನ್ನೇ ಗುಂಡಿಗೆ ಮುಚ್ಚಿ, ಅದರಲ್ಲಿ ಸರಿಯಾಗಿ ನಾನು ಕೂರುವ ಜಾಗದಲ್ಲಿ, ದುಂಡಗೆ ತೂತು ಕೊರೆದು ತಮ್ಮ ವೂಫರ್ ಎಂಬ ದೊಡ್ಡ ಸ್ಪೀಕರನ್ನು ಕೂರಿಸಿದ್ದಾನೆ! ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು, ತುಳಿದು ತುಳಿದು ಸೀರೆ ನೇಯುವುದಕ್ಕೆ ನಮ್ಮ ಹಿರಿಯರು ಮಾಡಿದ್ದು ಅದು. “ಈ ಗುಂಡಿಯಂಥಾ ಸ್ಪೀಕರ್ ಡಬ್ಬ ದುಡ್ಡು ಕೊಟ್ಟರೂ ಸಿಗಲ್ಲಮ್ಮ, ಏನು ಬೇಸು ಅಂತೀಯ!” ಅನ್ನುತ್ತಾನೆ.

ರೇಷ್ಮೆ ಕೊಡುವ ಸಾಹುಕಾರ್ ಮುರುಗೇಂದ್ರಪ್ಪನವರು ಬಂದು, “ಸೋಮವಾರಕ್ಕೆ ಮಗ್ಗ ಹೂಡಿದ್ರೆ ಹಾಸು ನಿಮಗೇ ರಾಧಮ್ಮಾರೇ, ಇಲ್ದಿದ್ರೆ ಬೇರೆಯೋರು ಕಾಯ್ತಾ ಅವ್ರೆ” ಎಂದು ಹೋಗಿದ್ದಾರೆ. ಈ ಸಲ ಮಗ್ಗಕ್ಕೆ ಉದ್ದಕ್ಕೆ ಹೂಡುವ ಆ ಹಾಸಿನ ರೇಷ್ಮೆ ಕೈತಪ್ಪಿದರೆ ಈ ವಯಸ್ಸಿನವಳನ್ನು ಯಾರೂ ಮತ್ತೆ ಕೇಳುವುದಿಲ್ಲ. ಪಕ್ಕದ ಮಗ್ಗದಲ್ಲಿ ನೇಯುವ ಸೊಸೆ ಗೀತಮ್ಮ, “ಕೂತು ಉಣ್ರಿ ಅತ್ತೆಮ್ಮ, ಸಾಕು” ಅನ್ನುತ್ತಾಳೆ. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾಳೆ. ಆದರೆ ಕಾಲು ಗುಂಡಿಗೆ ಇಳಿಬಿಟ್ಟರೇ ನನಗೆ ಜೀವ ಬರುವುದು, ಮೇಲೆ ಕೂರಿಸಿದರೆ ಮುದುಕಿಯಾಗಿಬಿಡುತ್ತೇನೆ.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ. ಗುಂಡಿ ಬಿಡಲು ಮನಸ್ಸಿಲ್ಲವಾದರೆ ಸೋಮವಾರದಿಂದ ತಾವೇ ಲಾಳಿ ಎಸೆದು, ಸೆರಗಿನಲ್ಲಿ ನವಿಲು ಎತ್ತಿ ಕೊಡಿ, ಎಳೆ ಕಡಿದರೆ ಗುಂಯ್ ಅನ್ನದೆ ಗಂಟು ಹಾಕಿ. ಅದಾಗದಿದ್ದರೆ ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲಿನ ಬಯಲಿಗೆ ವಾಸ ಬದಲಿಸಿ, ಅಲ್ಲಿ ವಿಜ್ಞಾನಿಗಳು ದೇಶಕ್ಕೆ ಬೇಕಾದ ಏನೇನೋ ಪರೀಕ್ಷೆ ಮಾಡುತ್ತಾರಂತೆ, ತಮ್ಮ ಬೇಸು ಗಡಿ ಕಾಯಲು ಉಪಯೋಗಕ್ಕೆ ಬಂದೀತು.

ಮನೆ ಅದುರಿದರೂ ಮನಸ್ಸು ಅದುರದ
ತಮ್ಮ ವಿಶ್ವಾಸಿ,
ರಾಧಮ್ಮ

ತಾ.ಕ.: ತಮಗೆ ಕಣ್ಣಿಲ್ಲವಲ್ಲ, ಓದಿ ಹೇಳೆಂದು ಈ ಪತ್ರವನ್ನು ಗೋಪಿಯ ಕೈಗೆ ಕೊಟ್ಟೆ. “ನೀನೇ ಓದಮ್ಮ, ಹೊಸಾ ಮೈಕು ಟೆಸ್ಟಾಗ್ಲಿ” ಎಂದು ಮೈಕು ಹಿಡಿಸಿದ. ಮೊದಲಿನಿಂದ ಕಡೆಯವರೆಗೆ ಓದಿದೆ. ಅವನು ತಿರುಪು ತಿರುಗಿಸುತ್ತಲೇ ಇದ್ದು, “ಟ್ರೆಬಲ್ ಒಂಚೂರು ಜಾಸ್ತಿ ಆಯ್ತು” ಎಂದನೇ ಹೊರತು ಒಂದಕ್ಷರ ಕಿವಿಗೆ ಹಾಕಿಕೊಳ್ಳಲಿಲ್ಲ. ಇಡೀ ಬೀದಿ ಕಿವಿಗೆ ಹಾಕಿಕೊಂಡಿತು. ಈಗ ಬಾಗಿಲ ತುಂಬ ಹೆಂಗಸರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾರೆ, ಅವರ ಹಿಂದೆ ಮುರುಗೇಂದ್ರಪ್ಪನವರು, ಗೋಪಿ ತಲೆ ಎತ್ತದೆ ತಮ್ಮ ಸ್ಕ್ರೂ ಬಿಚ್ಚುತ್ತಿದ್ದಾನೆ. ತಮ್ಮ ಧ್ವನಿ ನಿಜಕ್ಕೂ ಬಲು ಸ್ಪಷ್ಟ, ಒಪ್ಪಿದೆ. ತಾವು ಎಲ್ಲಿಗೆ ಬೇಕಾದರೂ ದಯಮಾಡಿಸಿ, ಮೈಕು ಮಾತ್ರ ನನ್ನ ಹತ್ತಿರವೇ ಇರಲಿ ಎಂದಿದ್ದೇನೆ.