ಅತ್ತೆಯ ಚಲನವಲನ ವಹಿ

ನನ್ನ ಸೋದರತ್ತೆಯ ಅಪ್ಪಣೆಯಿಲ್ಲದೆ ಆ ವಿಶ್ವವಿದ್ಯಾಲಯದಲ್ಲಿ ಹಲ್ಲಿ ಕೂಡ ಒಂದು ಗೋಡೆಯಿಂದ ಇನ್ನೊಂದಕ್ಕೆ ದಾಟುತ್ತಿರಲಿಲ್ಲ! ಕುಷ್ಟಗಿಯಿಂದ ಮೊದಲ ಬಸ್ಸಿಗೆ ಬಂದು, ಕುಲಪತಿಗಳ ಕೋಣೆಯ ಬಾಗಿಲಲ್ಲಿ ಚಲನವಲನ ವಹಿ ಬಿಚ್ಚಿ ಕೂರುತ್ತಿದ್ದಳು. ಯಾರು, ಎಲ್ಲಿಗೆ, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂಬುದಕ್ಕೆಲ್ಲ ಸಹಿ ಬೇಕು. ಹೊಸ ಕುಲಪತಿಗಳು ಮೊದಲ ದಿನ ಎದ್ದು ಹೊರಟರಂತೆ.

“ಸರ್, ಎಲ್ಲಿಗ್ರಿ?”

“ಕೈ ತೊಳ್ಕೊಂಡು ಬರ್ತೀನಮ್ಮಾ.”

“ಬರ್ದ ಹೋಗ್ರಿ. ತಿರುಗಿ ಬರೂ ವ್ಯಾಳೆ ಅಂದಾಜಿಲೆ ಹಾಕ್ರಿ.”

ಇಷ್ಟು ಗತ್ತಿನ ಕಾರ್ಯದರ್ಶಿ ಇಪ್ಪತ್ತಾರು ವರ್ಷಗಳಿಂದ ಹಂಗಾಮಿ ಎಂದರೆ ನಂಬುತ್ತೀರಾ? ಆರು ತಿಂಗಳಿಗೊಂದು ಆದೇಶ. ಬಂದ ಕುಲಪತಿಗಳೆಲ್ಲ “ನಿಮ್ಮನ್ನ ಕಾಯಂ ಮಾಡೋಣ” ಎನ್ನುವರು. ಹೋಗುವಾಗ “ನಾವೆಲ್ಲ ಒಂದೇ ಕುಟುಂಬ” ಎಂಬ ಭಾಷಣವನ್ನು ಅವಳಿಂದಲೇ ಟೈಪ್ ಮಾಡಿಸುವರು.

“ಆ ಕುಟುಂಬದಾಗ ನಾ ಬಾಡಿಗಿಯಾಕಿ” ಎನ್ನುತ್ತಿದ್ದಳು ಅತ್ತೆ.

ಆ ಆದೇಶಗಳ ಫೈಲೊಂದೇ ಅವಳ ಆಸ್ತಿ. ಕಾಯಮಾತಿಗೆ ಅದೇ ಸಾಕ್ಷಿ. ಅಲ್ಲೇ ಅತಿಥಿ ಉಪನ್ಯಾಸಕನಾಗಿದ್ದ ನಾನು, “ಅತ್ತಿ, ಮನಿಗೊಂದು ಜೆರಾಕ್ಸ್ ಒಯ್ದಿಡು” ಎಂದೆ.

“ಕಚೇರಿ ಕಾಗದ ಮನಿಗೆ ಒಯ್ದರ ಅದು ಕಳುವು.”

ಕಳೆದ ಬೇಸಿಗೆಯಲ್ಲಿ ಏಸಿಯ ವೈರು ಸುಟ್ಟು ಕಚೇರಿಗೆ ಬೆಂಕಿ ಹತ್ತಿತು. ನಾವೆಲ್ಲ ಓಡಿದೆವು. ಅತ್ತೆಯನ್ನು ಕೂಗಬೇಕೆಂದು ನನಗೆ ಹೊಳೆದದ್ದು ಬೇವಿನ ಮರದ ಕೆಳಗೆ ನಿಂತ ಮೇಲೆ. ಕಿಟಕಿಯ ಹೊಗೆಯೊಳಗೆ ಅವಳು ಕಂಡಳು: ವಹಿ ಹಿಡಿದು, ಒಂದೊಂದು ಕೋಣೆಗೆ ಇಣುಕಿ, ಹೆಸರು ಕೂಗುತ್ತಿದ್ದಳು. ಎಲ್ಲರೂ ಹೊರಗಿದ್ದಾರೆಂದು ಖಾತ್ರಿಯಾದ ಮೇಲೆಯೇ ಕೆಮ್ಮುತ್ತ ಬಂದಳು. ಬಗಲಲ್ಲಿ ವಹಿಯಿತ್ತು. ಫೈಲು ಒಳಗೇ ಉಳಿದಿತ್ತು.

“ಸಹಿ ಮಾಡದ ಓಡಿದೆಲ್ಲೋ” ಎಂದಳು ನನಗೆ.

ತಿಂಗಳ ನಂತರ ಅತ್ತೆಯ ಕಾಯಮಾತಿ ಅರ್ಜಿಗೆ ಕಚೇರಿಯ ಉತ್ತರ ಬಂತು: ಸದರಿಯವರು ಸೇವೆ ಸಲ್ಲಿಸಿದ ಬಗ್ಗೆ ದಾಖಲೆ ಲಭ್ಯವಿಲ್ಲ. ಆ ಪತ್ರವನ್ನು ಟೈಪ್ ಮಾಡಿದವಳೂ ಅತ್ತೆ, ಕ್ರಮಸಂಖ್ಯೆ ಹಾಕಿದವಳೂ ಅತ್ತೆ, “ತಲುಪಿದೆ” ಎಂದು ಸಹಿ ಮಾಡಿದವಳೂ ಅತ್ತೆ!

ವಹಿಯಾದರೂ ಸಾಕ್ಷಿಯಾದೀತೆಂದು ಬಿಚ್ಚಿದೆ. ಅವಳ ಹೆಸರು ಒಂದು ಸಾಲಿನಲ್ಲೂ ಇರಲಿಲ್ಲ. ಕೆಲಸದ ಹೊತ್ತಿನಲ್ಲಿ ಅವಳು ಹೊರಗೆ ಹೋದದ್ದೇ ಇಲ್ಲ. ಬೆಂಕಿಯ ದಿನದ ಪುಟದಲ್ಲಿ ನಮ್ಮೆಲ್ಲರ ಹೆಸರುಗಳ ಮುಂದೆ ಅವಳದೇ ಅಕ್ಷರದಲ್ಲಿ ವೇಳೆ, ಪಕ್ಕದಲ್ಲಿ “ಹೊರಗೆ.” ಕೊನೆಯ ಸಾಲಿನಲ್ಲಿ ಅತ್ತೆಯ ಹೆಸರು ಬರೆದು, ನಾನು ಹೊರಬಂದ ವೇಳೆಯನ್ನೇ ಅವಳಿಗೂ ಹಾಕಿದೆ.

ಅವಳು ಕನ್ನಡಕ ಏರಿಸಿ ನೋಡಿದಳು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ವೇಳೆಯನ್ನು ತಿದ್ದಿದಳು.

“ನಾ ಒಂಬತ್ತು ನಿಮಿಷ ತಡಾ ಬಂದೇನಿ” ಎಂದಳು. “ನೀ ಅಳಬ್ಯಾಡ. ವಹಿ ತೊಯ್ತೈತಿ.”