ಮಖಮಲ್ ಕೋಟಿನ ಬೋಣಿ

ಬೆಳಿಗ್ಗೆ ಎಂಟು ಗಂಟೆಗೆ ಅಂಗಡಿಯ ಶಟರು ಅರ್ಧ ಮೇಲೆದ್ದಿತು. ಅದರಡಿಯಲ್ಲಿ ಮೊದಲು ಎರಡು ಪ್ಲಾಸ್ಟಿಕ್ ಚಪ್ಪಲಿ ಕಂಡವು, ಆಮೇಲೆ ಪೊರಕೆ, ಆಮೇಲೆ ಬಗ್ಗಿ ನೋಡಿದ ಅಂಗಡಿಯಾಕೆಯ ಮುಖ. ಆ ಮುಖ ತಿಯೆಪ್‌ನನ್ನು ಕಂಡು ನಕ್ಕಿತು. ಅವನ ಎದೆಯ ಮೇಲೆ ಪಿನ್ನು ಚುಚ್ಚಿದ್ದ, ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಬಟ್ಟೆಯ ತುಂಡನ್ನು ಕಂಡು ನಗುವುದನ್ನು ನಿಲ್ಲಿಸಿತು. ಶಟರು ಇಳಿಯಿತು.

"ಇನ್ನೂ ಅಂಗಡಿ ತೆಗೆದಿಲ್ಲ ದೊಡ್ಡಪ್ಪ," ಎಂದಿತು ಒಳಗಿನ ದನಿ.

"ಈಗ ತಾನೇ ತೆಗೆದೆಯಲ್ಲ ಮಗಳೇ?"

"ಅದು ಗಾಳಿ ಆಡಲಿ ಅಂತ."

ತಿಯೆಪ್ ಪಕ್ಕದಲ್ಲಿ ನಿಂತಿದ್ದ ನಾದಿನಿಯ ಕಡೆ ನೋಡಿದ. ನಾದಿನಿ ಮೆನ್ ಆಕಾಶದ ಕಡೆ ನೋಡಿದಳು. ನಾಮ್ ದಿನ್‌ನಿಂದ ಹನೋಯ್‌ಗೆ ಬರುವ ಮೊದಲ ಬಸ್ಸು ಹಿಡಿಯಲು ಅವಳನ್ನು ಅವನು ನಾಲ್ಕು ಗಂಟೆಗೇ ಎಬ್ಬಿಸಿದ್ದ. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು: "ಸತ್ತವಳಿಗೆ ಕೋಟು ತರೋಕೆ ಬದುಕಿರೋಳನ್ನ ಕೊಲ್ತಿದ್ದೀರಲ್ಲ ಭಾವ."

ಸತ್ತವಳು ಲುವಾ, ತಿಯೆಪ್‌ನ ಹೆಂಡತಿ, ಮೆನ್‌ಳ ಅಕ್ಕ. ನಾಡಿದ್ದಿಗೆ ವರ್ಷವಾಗುತ್ತದೆ; ಅಲ್ಲಿಯವರೆಗೆ ಗಂಡನ ಎದೆಯ ಮೇಲೆ ಸಾವಿನ ಕಪ್ಪು ಪಟ್ಟಿ ಇರಬೇಕು. ವರ್ಷದ ದಿನ ಹೋದವರ ಹೆಸರಿನಲ್ಲಿ ಅನ್ನ, ಕೋಳಿ, ಊದುಬತ್ತಿ ಇಟ್ಟು, ಅವರಿಗೆ ಬೇಕಾದ ಸಾಮಾನನ್ನೆಲ್ಲ ಕಾಗದದಲ್ಲಿ ಮಾಡಿದ್ದು ತಂದು ಸುಡುವುದು ಪದ್ಧತಿ. ಅಲ್ಲಿನ ಅಂಗಡಿಗಳಲ್ಲಿ ಕಾಗದದ ಅಂಗಿಯುಂಟು, ಚಪ್ಪಲಿಯುಂಟು, ಮೋಟಾರು ಸೈಕಲ್ಲೂ ಉಂಟು. ಸುಟ್ಟದ್ದು ಹೋದವರಿಗೆ ತಲುಪುತ್ತದೆ. ಇದರಲ್ಲಿ ಭಾವನಿಗೂ ನಾದಿನಿಗೂ ಭಿನ್ನಾಭಿಪ್ರಾಯವಿಲ್ಲ. ಜಗಳವೆಲ್ಲ ಕೋಟಿನದು. ತಿಯೆಪ್‌ಗೆ ಅಸಲಿ ಕೋಟೇ ಸುಡಬೇಕು.

"ಕಾಗದದ ಕೋಟು ಹಾಕ್ಕೊಂಡ್ರೆ ಚಳಿ ಹೋಗುತ್ತೇನೇ?" ಅಂದಿದ್ದ ಹಿಂದಿನ ರಾತ್ರಿ.

"ಕಾಗದದ ಮೋಟಾರು ಸೈಕಲ್ಲಿಗೆ ಪೆಟ್ರೋಲು ಯಾರು ಹಾಕ್ತಾರೆ? ಅದು ಓಡಲ್ವಾ? ಇದೂ ಹಂಗೇ."

"ಲುವಾಗೆ ಮೋಟಾರು ಸೈಕಲ್ಲು ಬರ್ತಿರಲಿಲ್ಲ. ಚಳಿ ಆಗ್ತಿತ್ತು."

ಕೋಟಿನ ಕಥೆ ಹೀಗೆ. ಹಿಂದಿನ ಚಳಿಗಾಲದ ಮೊದಲಲ್ಲಿ ಗಂಡ ಹೆಂಡತಿ ಇಬ್ಬರೂ ಹನೋಯ್‌ಗೆ ಬಂದಿದ್ದರು. ಪರದೇಶಕ್ಕೆ ಹೋಗಬೇಕಾದ ಬಟ್ಟೆ ಮಿಕ್ಕಿದರೆ ತಂದು ಮಾರುವ ಅಂಗಡಿಗಳು ದಾಂಗ್ ಸ್ವಾನ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿವೆ. ಅಲ್ಲಿ ಲುವಾ ಒಂದು ಕಂದು ಮಖಮಲ್ ಕೋಟನ್ನು ಹಾಕಿ ನೋಡಿದಳು, ತೆಗೆದಳು, ಮತ್ತೆ ಹಾಕಿದಳು. ತಿಯೆಪ್ ಮೂವತ್ತು ವರ್ಷ ಬಟ್ಟೆ ಗಿರಣಿಯಲ್ಲಿ ತಪಾಸಣೆ ಗುಮಾಸ್ತನಾಗಿದ್ದವನು. ಕೋಟಿನ ಒಳಪದರವನ್ನು ಹೊರಕ್ಕೆ ಮಗುಚಿ, "ಹೊಲಿಗೆ ಓರೆ ಇದೆ. ಮುಂದಿನ ಸಲ ನೋಡೋಣ," ಎಂದು ತೀರ್ಪು ಕೊಟ್ಟ. (ಗಿರಣಿಯಲ್ಲಿ ಅವನ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಮನೆಯಲ್ಲಿ ಸಿಕ್ಕ ಗೆಲುವುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು, ಇದು ಅವುಗಳಲ್ಲೊಂದು.) ಎರಡು ತಿಂಗಳಿಗೆ ಲುವಾಳ ಎದೆಯಲ್ಲಿ ಕಫ ಕಟ್ಟಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಕೊನೆಗೆ ತಿಯೆಪ್ ಡಾಕ್ಟರನ್ನು ಕೇಳಿದ, ಒಂದು ದಪ್ಪ ಕೋಟು ಇದ್ದಿದ್ದರೆ ಏನಾದರೂ ಆಗುತ್ತಿತ್ತೇ ಎಂದು. ಡಾಕ್ಟರು ನಗಲಿಲ್ಲ. ಕೋಟಿಗೂ ಇದಕ್ಕೂ ಸಂಬಂಧವಿಲ್ಲ ಎಂದು ನಿಧಾನವಾಗಿ ತಿಳಿಸಿ ಹೇಳಿದರು. ತಿಯೆಪ್ ತಲೆಯಾಡಿಸಿ ಬಂದ, ನಂಬಲಿಲ್ಲ.

ಹೋದ ತಿಂಗಳು ಕಣ್ಣು ತೋರಿಸಲು ಹನೋಯ್‌ಗೆ ಬಂದಾಗ ಆ ಗಲ್ಲಿಗೂ ಹೋಗಿ ನೋಡಿದ್ದ. ಕೋಟು ಅದೇ ಕೊಕ್ಕೆಯಲ್ಲಿ ತೂಗುತ್ತಿತ್ತು. ಆ ಬಣ್ಣದ್ದು ಅದೊಂದೇ. ಅವತ್ತೇ ಕೊಳ್ಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಮೆನ್ ಕೇಳಿದ್ದಳು. ಉತ್ತರ ಅವಳಿಗೆ ಗೊತ್ತಿತ್ತು: ಮುಂದಿನ ಸಲ ಅಂದುಕೊಂಡಿದ್ದ.

ಕಾಲು ಗಂಟೆ ಕಳೆದು ಶಟರು ಪೂರ್ತಿ ಮೇಲೆದ್ದಿತು. ಅಂಗಡಿಯಾಕೆ ಮೂವತ್ತೈದರ ಆಸುಪಾಸಿನವಳು, ಹೊಸಿಲ ಮೇಲೆ ಕೈ ಅಡ್ಡ ಇಟ್ಟು ನಿಂತಳು.

"ಬೇಜಾರು ಮಾಡ್ಕೋಬೇಡಿ ದೊಡ್ಡಪ್ಪ. ಒಂದು ಬೋಣಿ ಆಗ್ಲಿ, ಆಮೇಲೆ ನೀವು ಒಳಗೆ ಬಂದು ಮಲಗಿದ್ರೂ ನಾನು ಬೇಡ ಅನ್ನಲ್ಲ. ಸಾವಿನ ಮನೆಯವರು ಬೋಣಿ ಮಾಡಿದ್ರೆ ಆ ದಿನ ಒಂದು ಬನಿಯನ್ನೂ ಹೋಗಲ್ಲ. ಹೋದ ತಿಂಗಳು ಹಂಗೇ ಆಯ್ತು."

"ನನಗೆ ಬೇಕಾಗಿರೋದು ಒಂದೇ ಒಂದು. ಅಲ್ಲಿ ತೂಗ್ತಿರೋ..."

"ಬೆರಳು ತೋರಿಸ್ಬೇಡಿ!" ಅಂಗಡಿಯಾಕೆ ಕಿವಿ ಮುಚ್ಚಿಕೊಂಡಳು. "ಬೆಲೆನೂ ಕೇಳ್ಬೇಡಿ! ಮೊದಲು ಯಾರು ಕೇಳ್ತಾರೋ ಬೋಣಿ ಅವರದ್ದೇ ಆಗಿಬಿಡುತ್ತೆ. ಈಯಮ್ಮ ಮಾಡ್ಲಿ ಬೇಕಾದ್ರೆ. ಏನಮ್ಮಾ, ನೀವು ಇವರಿಗೇನಾಗ್ಬೇಕು?"

"ತೀರಿಕೊಂಡೋಳ ತಂಗಿ," ಎಂದಳು ಮೆನ್. "ಒಡಹುಟ್ಟಿದವಳು."

"ಅಯ್ಯೋ!"

ಬೀದಿಯ ಆಚೆ ಬದಿಗೆ ಬಂದ ಮೇಲೆ ತಿಯೆಪ್ ಹಲ್ಲು ಕಚ್ಚಿದ. "ನೆರೆಮನೆಯವಳು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಸತ್ತ ಅಕ್ಕನ್ನ ನೆರೆಮನೆಯವಳು ಅನ್ನಲಾ? ನೀವೇ ಆ ಕಪ್ಪು ಪಟ್ಟಿ ತೆಗೆದು ಜೇಬಿಗೆ ಹಾಕ್ಕೊಂಡು, ಮುಂದಿನ ಬೀದಿ ಸುತ್ತಿ, ಟೋಪಿ ಹಾಕ್ಕೊಂಡು ಬನ್ನಿ. ಇನ್ನೆರಡೇ ದಿನ ಅಲ್ವಾ? ಅಕ್ಕ ಎದ್ದು ಬಂದು ಕೇಳ್ತಾಳಾ?"

"ಕೇಳ್ತಾಳೆ," ಎಂದ ತಿಯೆಪ್.

ಮೆನ್ ಒಂದು ಕ್ಷಣ ಯೋಚಿಸಿದಳು. "ಹೂಂ. ಕೇಳೋಳೇ," ಎಂದು ಒಪ್ಪಿಕೊಂಡಳು.

ಇಬ್ಬರೂ ಚಹಾ ಮಾರುವವಳ ಗಿಡ್ಡ ಸ್ಟೂಲುಗಳ ಮೇಲೆ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕುಳಿತರು. ತಿಯೆಪ್‌ಗೆ ಅವಮಾನಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು. ನಾಮ್ ದಿನ್ ಸಂತೆಯಲ್ಲಿ ಲುವಾಳದ್ದು ಹಗುರವಾದ ಕೈ ಎಂದು ಹೆಸರು. ಅವಳು ಬೋಣಿ ಮಾಡಿದ ದಿನ ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ. ಮೀನಿನವಳು, ಸೊಪ್ಪಿನವಳು, ಬಟ್ಟೆಯವಳು ಬೆಳಿಗ್ಗೆ ಬೆಳಿಗ್ಗೆ "ಲುವಾ ಅಕ್ಕಾ, ಮೊದಲು ನಮ್ಮಲ್ಲಿಗೆ" ಎಂದು ಕೂಗುತ್ತಿದ್ದರು. ಕೊತ್ತಂಬರಿ ಕಟ್ಟನ್ನು ಬಿಟ್ಟಿ ತುರುಕುತ್ತಿದ್ದರು. ಮೂವತ್ತೆಂಟು ವರ್ಷ ತಿಯೆಪ್ ಚೀಲ ಹಿಡಿದು ಅವಳ ಹಿಂದೆ ನಡೆದಿದ್ದ. ಅಂಗಡಿಯವರೆಲ್ಲ ಹುಟ್ಟಾ ನಗುಮುಖದವರು, ತನ್ನನ್ನು ಕಂಡರೆ ಅವರಿಗೆ ಪ್ರೀತಿ ಎಂದೇ ಅವನು ತಿಳಿದಿದ್ದ.

"ಯಾರಾದ್ರೂ ಬೋಣಿ ಮಾಡಿದ್ರೆ ಸಾಕು ತಾನೆ?" ಎಂದು ಅವನು ಎದ್ದು ನಿಂತ. "ಮಾಡಿಸೋಣ."

ಮೊದಲು ಸಿಕ್ಕಿದವನು ಬೆನ್ನಿಗೆ ದೊಡ್ಡ ಚೀಲ ಹೊತ್ತ ಬಿಳಿಯ ಪ್ರವಾಸಿ. ತಿಯೆಪ್ ಅವನ ತೋಳು ಹಿಡಿದು, ಅಂಗಡಿಯತ್ತ ಕೈ ತೋರಿ, ಚಳಿಯಲ್ಲಿ ನಡುಗುವಂತೆ ನಟಿಸಿ, ಆಮೇಲೆ ಬೆಚ್ಚಗಾದವನಂತೆ ನಟಿಸಿದ. ಪ್ರವಾಸಿಗೆ ಅಭಿನಯ ಹಿಡಿಸಿತು. ಒಳಗೆ ಹೋದ. ಐದು ಜಾಕೆಟ್ಟು ಹಾಕಿದ, ಐದು ತೆಗೆದ. ಯಾವುದೂ ಅವನ ಮೊಣಕೈ ದಾಟಲಿಲ್ಲ. ಅಂಗಡಿಯಾಕೆ ಕ್ಯಾಲ್ಕುಲೇಟರಿನಲ್ಲಿ ಒಂದು ಅಂಕಿ ಒತ್ತಿ ತೋರಿಸಿದಳು, ಅವನು ಇನ್ನೊಂದು ಒತ್ತಿದ, ಅವಳು ಅತ್ತಂತೆ ಮಾಡಿದಳು, ಅವನು ನಕ್ಕು ಕೈಮುಗಿದು ಹೊರಟೇಬಿಟ್ಟ.

ಮೊದಲ ಗಿರಾಕಿ ಬರಿಗೈಲಿ ಹೋದ ದೋಷ ಕಳೆಯಲು ಅಂಗಡಿಯಾಕೆ ಹಳೆಯ ಪತ್ರಿಕೆಯ ಹಾಳೆ ಹರಿದು, ಬೆಂಕಿ ಹಚ್ಚಿ, ಹೊಸಿಲಿಗೆ, ಬಟ್ಟೆಯ ಸಾಲಿಗೆ, ತನ್ನ ತಲೆಗೆ ಸುತ್ತಿ ನಿವಾಳಿಸಿ ಬೀದಿಗೆ ಎಸೆದಳು. ಎಸೆದದ್ದು ಸರಿಯಾಗಿ ತಿಯೆಪ್‌ನ ಬೂಟಿನ ಮುಂದೆ ಬಿತ್ತು.

"ಬಾಗಿಲಲ್ಲಿ ಒಂದು ಅಪಶಕುನ ಇತ್ತು ಭಾವ," ಎಂದಳು ಮೆನ್ ಚಹಾ ಹೀರುತ್ತ. "ಈಗ ಅದಕ್ಕೆ ಜೋಡಿ ತಂದ್ರಿ. ಬನ್ನಿ, ಕಾಗದದ ಬೀದಿಗೆ ಹೋಗೋಣ."

"ಇನ್ನೊಂದೇ ಒಂದು ಸಲ."

ಆ ಇನ್ನೊಂದು ಸಲ ಸಿಕ್ಕಿದ್ದು ಈರುಳ್ಳಿ ಸೊಪ್ಪಿನ ಬುಟ್ಟಿ ಹಿಡಿದ ಒಬ್ಬ ಹೆಂಗಸು. ಐವತ್ತರ ಮೇಲಾಗಿತ್ತು. ಗುಂಡು ಮುಖ, ಅವಸರದ ನಡಿಗೆ.

"ಅಮ್ಮಾ, ಒಂದು ಉಪಕಾರ. ಆ ಅಂಗಡಿಗೆ ಹೋಗಿ ಏನಾದ್ರೂ ಕೊಳ್ಳಿ."

"ನನಗೇನೂ ಬೇಡಪ್ಪ. ಒಲೆ ಮೇಲೆ ಅನ್ನ ಇಟ್ಟು ಬಂದಿದ್ದೀನಿ."

"ಒಂದು ಜೊತೆ ಕಾಲುಚೀಲ ಸಾಕು. ದುಡ್ಡು ನಾನು ಕೊಡ್ತೀನಿ. ನನ್ನನ್ನ ಬೋಣಿಗೆ ಸೇರಿಸ್ತಿಲ್ಲ." ಅವನು ಎದೆಯ ಮೇಲಿನ ಕಪ್ಪು ಪಟ್ಟಿಯನ್ನು ಮುಟ್ಟಿ ತೋರಿಸಿದ.

ಹೆಂಗಸು ಪಟ್ಟಿಯನ್ನು ನೋಡಿದಳು, ಅವನ ಮುಖವನ್ನು ನೋಡಿದಳು. "ಹೆಂಡತೀನಾ?" ಎಂದಳು.

"ಹೂಂ."

"ಪಾಪ. ಬುಟ್ಟಿ ಹಿಡ್ಕೊಳ್ಳಿ."

ತಿಯೆಪ್ ಈರುಳ್ಳಿ ಸೊಪ್ಪನ್ನು ಎದೆಗೆ ಅವುಚಿಕೊಂಡು ಕಾದ. ಒಳಗಿನಿಂದ ಮೊದಲು ಮಾತು ಕೇಳಿಸಿತು, ಆಮೇಲೆ ನಗು, ಆಮೇಲೆ ಬಿರುಸಿನ ಚೌಕಾಸಿ, ಮತ್ತೆ ನಗು. ಕಾಲುಚೀಲಕ್ಕೆ ಇಷ್ಟು ಹೊತ್ತು ಬೇಕೇ ಎಂದು ಅವನಿಗೆ ಅನ್ನಿಸುವ ಹೊತ್ತಿಗೆ ಆಕೆ ಹೊರಗೆ ಬಂದಳು. ಕೈಯಲ್ಲಿ ಕಾಲುಚೀಲವಿತ್ತು. ಮೈಮೇಲೆ ಕಂದು ಮಖಮಲ್ ಕೋಟಿತ್ತು.

"ನಿಮ್ಮಿಂದಾಗಿ ನೋಡಿ!" ಎಂದಳು, ಖುಷಿಯಿಂದ ಕೆಂಪಾಗಿ. "ಎರಡು ಚಳಿಗಾಲದಿಂದ ಈ ಗಲ್ಲಿಯಲ್ಲಿ ಓಡಾಡ್ತೀನಿ, ಒಂದು ದಿನ ಒಳಗೆ ಕಾಲಿಟ್ಟಿರಲಿಲ್ಲ. ಬೋಣಿ ಅಂತ ಎಷ್ಟು ಕಮ್ಮಿಗೆ ಕೊಟ್ಟಳು ಗೊತ್ತಾ? ನಮ್ಮ ಯಜಮಾನ್ರು ಬೈತಾರೆ, ಬೈಲಿ. ಹೆಂಗಿದೆ?"

ಮೆನ್ ಸ್ಟೂಲಿನಿಂದ ಎದ್ದಳು. ಏನೋ ಹೇಳಲು ಬಾಯಿ ತೆರೆದಳು. ತಿಯೆಪ್ ಕೈ ಎತ್ತಿ ಅವಳನ್ನು ತಡೆದ.

"ತಿರುಗಿ," ಎಂದ ಆ ಹೆಂಗಸಿಗೆ.

ಆಕೆ ತಿರುಗಿದಳು. ಅವನು ಬೆನ್ನಿನ ಹೊಲಿಗೆಯನ್ನು ಕುತ್ತಿಗೆಯಿಂದ ಅಂಚಿನವರೆಗೂ ನೋಡಿದ.

"ಚೆನ್ನಾಗಿದೆ," ಎಂದ. "ಹೊಲಿಗೆ ಸರಿಯಾಗಿದೆ."

ಆಕೆ ಬುಟ್ಟಿ ತೆಗೆದುಕೊಂಡು, ಕಾಲುಚೀಲವನ್ನು ಅವನ ಕೈಗಿಟ್ಟು ("ದುಡ್ಡು ನೀವು ಕೊಡ್ತೀನಿ ಅಂದ್ರಲ್ಲ, ಅದಕ್ಕೆ ನಿಮಗೇ") ಅನ್ನದ ನೆನಪಾಗಿ ಓಡಿದಳು. ಗಲ್ಲಿಯ ತಿರುವಿನವರೆಗೂ ಕಂದು ಬೆನ್ನು ಕಾಣುತ್ತಿತ್ತು.

"ಬನ್ನಿ ದೊಡ್ಡಪ್ಪ, ಬನ್ನಿ!" ಅಂಗಡಿಯಾಕೆ ಹೊಸಿಲಲ್ಲಿ ನಿಂತು ಎರಡೂ ಕೈ ಬೀಸಿದಳು. "ಎಂಥಾ ಬೋಣಿ ಮಾಡಿಸಿದ್ರಿ! ಎರಡು ವರ್ಷದಿಂದ ತೂಗ್ತಿತ್ತು ಆ ಕೋಟು. ಈಗ ಹೇಳಿ, ನಿಮಗೇನು ಬೇಕು?"

ತಿಯೆಪ್ ಕಾಲುಚೀಲದ ದುಡ್ಡು ಕೊಟ್ಟ.

"ಇಷ್ಟೇ," ಎಂದ.

ಹಾಂಗ್ ಮಾ ಬೀದಿ ಅಲ್ಲಿಂದ ಐದು ನಿಮಿಷದ ನಡಿಗೆ. ಎರಡೂ ಬದಿಗೆ ಕೆಂಪು, ಹಳದಿ, ಬಂಗಾರದ ಬಣ್ಣದ ಕಾಗದದ ಸಾಮಾನು. ಮೆನ್ ಅಷ್ಟು ದೂರವೂ ಭಾವನನ್ನು ಚುಚ್ಚಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. ಇಲ್ಲಿ ಕಪ್ಪು ಪಟ್ಟಿಗೆ ಯಾರೂ ಬೆಚ್ಚಲಿಲ್ಲ. ಅದನ್ನು ಕಂಡರೆ ಸ್ಟೂಲು ಎಳೆದು ಕೊಡುತ್ತಿದ್ದರು.

ವಯಸ್ಸಾದ ಅಂಗಡಿಯಜ್ಜಿ ನಾಲ್ಕು ಕಾಗದದ ಕೋಟು ಬಿಡಿಸಿಟ್ಟಳು. ತಿಯೆಪ್ ಕಂದು ಬಣ್ಣದ್ದು ಎತ್ತಿಕೊಂಡು, ಅಭ್ಯಾಸಬಲದಿಂದ ಒಳಗನ್ನು ಹೊರಕ್ಕೆ ಮಗುಚಿದ. ಅಂಟು ಓರೆಯಾಗಿ ಬಳಿದಿತ್ತು. ಒಂದು ತೋಳು ಇನ್ನೊಂದಕ್ಕಿಂತ ಅರ್ಧ ಬೆರಳು ಗಿಡ್ಡ. ಮೆನ್ ಅವನ ಮುಖವನ್ನೇ ನೋಡುತ್ತಿದ್ದಳು.

"ಇದನ್ನೇ ಕೊಡಿ," ಎಂದ.

"ಚೌಕಾಸಿ ಮಾಡಲ್ವಾ ಭಾವ?"

"ಬೇಡ."

ಅಜ್ಜಿ ನೋಟು ತೆಗೆದುಕೊಂಡು ಎದುರಿಗಿದ್ದ ಅಂಗಿ, ಚಪ್ಪಲಿ, ಮೋಟಾರು ಸೈಕಲ್ಲುಗಳ ಮೇಲೆಲ್ಲ ಅದನ್ನು ಮೆಲ್ಲಗೆ ಸವರಿದಳು. "ಬೆಳಿಗ್ಗೆಯಿಂದ ಒಂದು ನೊಣ ಬಂದಿರಲಿಲ್ಲ. ನಿಮ್ಮದೇ ಬೋಣಿ ಕಣಯ್ಯಾ," ಎಂದಳು. "ನಿಮ್ಮ ಕೈ ಹಗುರವಾಗಿರಲಿ."

ತಿಯೆಪ್ ಬೀದಿಯಲ್ಲೇ ನಿಂತು ಅತ್ತ. ಮೆನ್ ಕೋಟನ್ನು ಅವನ ಕೈಯಿಂದ ತೆಗೆದುಕೊಂಡು, ಕಣ್ಣೀರು ಬೀಳದ ಹಾಗೆ ದೂರ ಹಿಡಿದುಕೊಂಡಳು.

ಎರಡು ಗಂಟೆಯ ಬಸ್ಸಿಗೆ ಹೊರಟರು. ವರ್ಷದ ದಿನ ಬೆಳಿಗ್ಗೆ ಹತ್ತಕ್ಕೆ ಅಂಗಳದಲ್ಲಿ ಕೋಟು ಸುಟ್ಟರು. ಅದು ಒಂದು ನಿಮಿಷದೊಳಗೆ ಉರಿದು ಬೂದಿಯಾಯಿತು.