ಬಾಯಲ್ಲೇ ತೊಂಬತ್ತು ಮೀಟರ್

ಉಸ್ತಿನ್ಯಾ: ಒಂದೇ ಒಂದು ಒಳ್ಳೆ ಮಾತು, ರಿಮ್ಮಾ ಪಾವ್ಲೊವ್ನಾ. ನಿಮ್ಮ ಗಂಟೇನು ಹೋಗುತ್ತೆ?

ರಿಮ್ಮಾ ಪಾವ್ಲೊವ್ನಾ: ಗಂಟು ಹೋಗಲ್ಲ, ಮಾನ ಹೋಗುತ್ತೆ. ಇಷ್ಟು ವರ್ಷ ಪಾಠ ಹೇಳಿದೀನಿ, ಯಾರನ್ನಾದ್ರೂ ಹೊಗಳಿದ್ದು ಕೇಳಿದೀಯಾ?

ಉಸ್ತಿನ್ಯಾ: ಇಲ್ಲ. ಅದಕ್ಕೇ ಮೊದಲೇ ಕೇಳ್ಕೋತಿದೀನಿ. ಇಲ್ಲಿ ಟೀಚರ್ ಬಾಯಿಂದ ನಾಲ್ಕು ಒಳ್ಳೆ ಮಾತು ಬರದೆ ಸೀಟು ಸಿಗಲ್ಲವಂತೆ.

ರಿಮ್ಮಾ ಪಾವ್ಲೊವ್ನಾ: ಹಾಗಾದ್ರೆ ಇದು ವಿಶ್ವವಿದ್ಯಾಲಯ ಆಗಿರಲಿಕ್ಕಿಲ್ಲ, ಮದುವೆ ದಲ್ಲಾಳಿ ಮನೆ ಇರ್ಬೇಕು. ಹುಡುಗಿ ಲಕ್ಷಣವಾಗಿದಾಳೆ, ಸೂಪು ಮಾಡೋಕೆ ಬರುತ್ತೆ ಅಂತ ನಾನು ಹೇಳೋದು, ಅವರು ತಲೆ ಆಡಿಸೋದು.

ಉಸ್ತಿನ್ಯಾ: ಸೂಪು ಬೇಡ. ಭೌತಶಾಸ್ತ್ರ ಬರುತ್ತೆ ಅನ್ನಿ ಸಾಕು.

ರಿಮ್ಮಾ ಪಾವ್ಲೊವ್ನಾ: ಭೌತಶಾಸ್ತ್ರದಲ್ಲಿ ಐದಕ್ಕೆ ಐದು ಬರೋದು ದೇವರಿಗೆ. ನನಗೆ ನಾಲ್ಕು. ನಿಮಗೆಲ್ಲ ಮೂರೇ ಹೆಚ್ಚು. ಸರಿಯಾಗಿ ಕೂತ್ಕೋ, ಕಲ್ಲು ತಣ್ಣಗಿದೆ.

ಕಲ್ಲುಬೆಂಚಿನ ಮೇಲೆ ಆ ವಿಶ್ವವಿದ್ಯಾಲಯದ್ದೇ ಹೊಳೆಯುವ ಪರಿಚಯ ಪುಸ್ತಿಕೆಗಳನ್ನು ಹಾಸಿ ಇಬ್ಬರೂ ಕೂತಿದ್ದರು. ಹೆಣ್ಣುಮಕ್ಕಳು ತಣ್ಣನೆಯ ಕಲ್ಲಿನ ಮೇಲೆ ಕೂರಬಾರದೆಂಬುದು ರಷ್ಯಾದ ವೋಲ್ಗಾ ದಂಡೆಯ ಕಿನೆಶ್ಮಾ ಊರಿನಲ್ಲಿ ಹಸುಗೂಸಿಗೂ ಗೊತ್ತು. ಅಲ್ಲಿನ ಶಾಲೆಯಿಂದ ಇವರ ಜೊತೆ ಬಂದಿದ್ದ ಉಳಿದ ಹುಡುಗ ಹುಡುಗಿಯರು ಟೀ ಶರ್ಟು ಕೊಳ್ಳಲು ಅಂಗಡಿಗೆ ನುಗ್ಗಿದ್ದರು. ಅಮೆರಿಕದಲ್ಲಿ ಅವರು ನೋಡುತ್ತಿದ್ದ ನಾಲ್ಕನೆಯ ವಿಶ್ವವಿದ್ಯಾಲಯ ಇದು. ಮೊದಲನೆಯದನ್ನು ರಿಮ್ಮಾ ಪಾವ್ಲೊವ್ನಾ ತಿರಸ್ಕರಿಸಿದ್ದು ಗ್ರಂಥಾಲಯದೊಳಗೆ ಕಾಫಿ ಕುಡಿಯುತ್ತಾರೆಂದು. ಎರಡನೆಯದನ್ನು, ಹುಲ್ಲಿನ ಮೇಲೆ ಬೋರಲು ಬಿದ್ದು ಓದುತ್ತಾರೆಂದು. ಮೂರನೆಯದರಲ್ಲಿ ಪ್ರಾಧ್ಯಾಪಕನೊಬ್ಬ ಚಡ್ಡಿ ಹಾಕಿಕೊಂಡು ಪಾಠಕ್ಕೆ ಬಂದಿದ್ದ. ಅದರ ಬಗ್ಗೆ ಅವರು ಮಾತೇ ಆಡಿರಲಿಲ್ಲ.

ಉಸ್ತಿನ್ಯಾಗೆ ಮಾತ್ರ ಈ ನಾಲ್ಕನೆಯದು ಬೇಕಾಗಿತ್ತು. ಬೆಳಿಗ್ಗೆ ಭೌತಶಾಸ್ತ್ರದ ಕಟ್ಟಡದಲ್ಲಿ ಒಂದು ಬಾಗಿಲು ಅರ್ಧ ತೆರೆದಿತ್ತು. ಒಳಗಿನ ಕತ್ತಲಲ್ಲಿ ಅವಳಿಗಿಂತ ಸ್ವಲ್ಪ ದೊಡ್ಡವಳಾದ ಹುಡುಗಿಯೊಬ್ಬಳು ಹಸಿರು ಬೆಳಕಿನ ಒಂದು ಎಳೆಯನ್ನು ಕನ್ನಡಿಯಿಂದ ಕನ್ನಡಿಗೆ ದಾಟಿಸುತ್ತಿದ್ದಳು. ತಪ್ಪಿತು, ನಕ್ಕಳು, ಮತ್ತೆ ದಾಟಿಸಿದಳು. ಪಕ್ಕದಲ್ಲಿ ನಿಂತು ಬೈಯುವವರು ಯಾರೂ ಇರಲಿಲ್ಲ. ಆಗಿನಿಂದ ಉಸ್ತಿನ್ಯಾಗೆ ಬೇರೇನೂ ಕಂಡಿರಲಿಲ್ಲ. ಆದರೆ ಖರ್ಚೆಲ್ಲ ವಿಶ್ವವಿದ್ಯಾಲಯವೇ ಹೊತ್ತರೆ ಮಾತ್ರ ಅವಳಿಗೆ ಇಲ್ಲಿ ಜಾಗ. ಅದನ್ನು ತೂಗಿ ನೋಡುವ ಮಿಸ್ಟರ್ ಪ್ರೆಂಟಿಸ್ ಈ ಬೆಂಚಿನೆದುರಿನ ಬಾಗಿಲಿನಾಚೆ ಕೂತಿದ್ದರು.

ಬಾಗಿಲು ತೆರೆಯಿತು.

ಪ್ರೆಂಟಿಸ್: ಬನ್ನಿ ಬನ್ನಿ! ನಿಮ್ಮನ್ನ ನೋಡಿ ಎಷ್ಟು ಸಂತೋಷ ಆಯ್ತು ಗೊತ್ತಾ! ಕೂತ್ಕೊಳ್ಳಿ ಉಸ್ತಿನ್ಯಾ. ಕೂತ್ಕೊಳ್ಳಿ ರಿಮ್ಮಾ.

ರಿಮ್ಮಾ ಪಾವ್ಲೊವ್ನಾ (ರಷ್ಯನ್ನಲ್ಲಿ): ಬರೀ ರಿಮ್ಮಾ ಅಂತಿದ್ದೋಳು ನಮ್ಮಮ್ಮ ಒಬ್ಬಳೇ. ಇವನು ಯಾವಾಗ ನನ್ನ ಹೆತ್ತ?

ಉಸ್ತಿನ್ಯಾ (ರಷ್ಯನ್ನಲ್ಲಿ): ಇಲ್ಲಿ ಹಾಗೇ ಕರೆಯೋದು. ಸ್ವಲ್ಪ ನಗಿ.

ರಿಮ್ಮಾ ಪಾವ್ಲೊವ್ನಾ (ರಷ್ಯನ್ನಲ್ಲಿ): ಯಾಕೆ? ಯಾರು ಜಾರಿ ಬಿದ್ರು?

ಪ್ರೆಂಟಿಸ್: ಏನಂತಿದಾರೆ?

ಉಸ್ತಿನ್ಯಾ: ಕಚೇರಿ ಚೆನ್ನಾಗಿದೆ ಅಂತಿದಾರೆ.

ಪ್ರೆಂಟಿಸ್: ಸರಿ ಉಸ್ತಿನ್ಯಾ, ನಿಮ್ಮ ಬಗ್ಗೆ ಹೇಳಿ. ಸಂಕೋಚ ಬೇಡ.

ಉಸ್ತಿನ್ಯಾ: ಹೇಳೋಂಥದ್ದು ಏನಿಲ್ಲ ಸರ್. ಹತ್ತು ವರ್ಷದಿಂದ ಜಿಮ್ನಾಸಿಯಂನಲ್ಲಿದೀನಿ.

ಅವಳೂರಿನಲ್ಲಿ ಒಳ್ಳೆಯ ಶಾಲೆಗೆ ಗಿಮ್ನಾಜಿಯಾ ಎನ್ನುತ್ತಾರೆ. ಅದನ್ನೇ ಅವಳು ಎತ್ತಿ ಇಂಗ್ಲಿಷಿನಲ್ಲಿ ಇಟ್ಟಳು. ಪ್ರೆಂಟಿಸರ ಊರಿನಲ್ಲಿ ಆ ಮಾತಿಗೆ ಗರಡಿಮನೆ ಎಂದರ್ಥ. ಅವರು ಕಣ್ಣರಳಿಸಿ ಹುಡುಗಿಯ ತೋಳುಗಳ ಕಡೆ ನೋಡಿದರು. ದಪ್ಪ ಸ್ವೆಟರಿನೊಳಗೆ ಏನಿದೆಯೋ ತಿಳಿಯಲಿಲ್ಲ.

ಪ್ರೆಂಟಿಸ್: ಹತ್ತು ವರ್ಷ! ವಾರಕ್ಕೆ ಎಷ್ಟು ದಿನ ಹೋಗ್ತೀರಿ?

ಉಸ್ತಿನ್ಯಾ: ಆರು ದಿನ.

ಪ್ರೆಂಟಿಸ್: ಆರು! ನಾನೂ ಹೋದ ಜನವರೀಲಿ ಸೇರ್ಕೊಂಡೆ. ಎರಡು ದಿನ ಹೋದೆ, ಬಿಟ್ಟೆ.

ಉಸ್ತಿನ್ಯಾ: ಅಯ್ಯೋ. ಮನೇಲಿ ಯಾರೂ ಏನೂ ಅನ್ನಲಿಲ್ವಾ?

ಪ್ರೆಂಟಿಸ್: ಹೆಂಡತಿ ಅಂದಳು. ದುಡ್ಡು ಕಟ್ಟಿ ದಂಡ ಅಂದಳು.

ರಿಮ್ಮಾ ಪಾವ್ಲೊವ್ನಾ (ರಷ್ಯನ್ನಲ್ಲಿ): ಕೇಳಿದ್ಯಾ? ಮದುವೆ ಆದ್ಮೇಲೆ ಶಾಲೆಗೆ ಸೇರಿದಾನೆ, ಎರಡೇ ದಿನಕ್ಕೆ ಬಿಟ್ಟಿದಾನೆ. ಇಂಥೋನು ಇಲ್ಲಿ ಸೀಟು ಹಂಚ್ತಾನೆ.

ಪ್ರೆಂಟಿಸ್: ಏನಂತಾರೆ?

ಉಸ್ತಿನ್ಯಾ: ಕಲಿಯೋಕೆ ವಯಸ್ಸಿನ ಹಂಗಿಲ್ಲ ಅಂತಾರೆ.

ಪ್ರೆಂಟಿಸ್: ಎಂಥ ಮಾತು! ಸ್ಪರ್ಧೆಗೆಲ್ಲ ಹೋಗ್ತೀರಾ?

ಉಸ್ತಿನ್ಯಾ: ಹೋದ ವರ್ಷ ಒಲಿಂಪಿಯಾಡಿಗೆ ಹೋಗಿದ್ದೆ. ಮೂರನೇ ಸ್ಥಾನ ಬಂತು, ಅಷ್ಟೇ.

ಪ್ರೆಂಟಿಸರ ಪೆನ್ನು ಕೈಜಾರಿ ಮೇಜಿನ ಕೆಳಗೆ ಉರುಳಿತು. ಅವರು ಅದನ್ನು ಹುಡುಕಲಿಲ್ಲ.

ಪ್ರೆಂಟಿಸ್: ಒಲಿಂಪಿಕ್ಸ್... ಕಂಚು ತಂದು 'ಅಷ್ಟೇ' ಅಂತೀರಲ್ಲ! ಅಲ್ಲಿ ಏನು ಮಾಡಿದ್ರಿ?

ಉಸ್ತಿನ್ಯಾ: ಕೊನೇ ಸುತ್ತಲ್ಲಿ ಎಸೆತ ಬಂತು ಸರ್. ಗುಂಡು ಎಸೆಯೋದು. ಸುಲಭದ್ದೇ.

ಪ್ರೆಂಟಿಸ್: ಎಷ್ಟು ದೂರ ಹೋಯ್ತು?

ಉಸ್ತಿನ್ಯಾ: ತೊಂಬತ್ತು ಮೀಟರ್.

ಪ್ರೆಂಟಿಸ್: ತೊಂ... ಗುಂಡಿನ ತೂಕ?

ಉಸ್ತಿನ್ಯಾ: ತೂಕಕ್ಕೂ ಅದಕ್ಕೂ ಸಂಬಂಧ ಇಲ್ಲ ಸರ್. ಎಷ್ಟೇ ಭಾರ ಇರಲಿ, ಅಷ್ಟೇ ದೂರ ಹೋಗುತ್ತೆ.

ಪ್ರೆಂಟಿಸ್ ಎದ್ದು ನಿಂತರು, ಕೂತರು. ಆಮೇಲೆ ಕುರ್ಚಿಯನ್ನು ರಿಮ್ಮಾ ಪಾವ್ಲೊವ್ನಾ ಕಡೆ ತಿರುಗಿಸಿದರು. ಉಸ್ತಿನ್ಯಾ ಮೇಜಿನ ಕೆಳಗೆ ಬೆರಳುಗಳನ್ನು ಹೆಣೆದುಕೊಂಡಳು. ಒಂದೇ ಒಂದು ಒಳ್ಳೆ ಮಾತು.

ಪ್ರೆಂಟಿಸ್: ರಿಮ್ಮಾ, ಇವರಿಗೆ ಕಲಿಸಿದ್ದು ನೀವೇನಾ? ಇವರ ಬಗ್ಗೆ ನಿಮ್ಮ ಅಭಿಪ್ರಾಯ ಏನು?

ರಿಮ್ಮಾ ಪಾವ್ಲೊವ್ನಾ: ಸೋಮಾರಿ.

ಪ್ರೆಂಟಿಸ್: ಸೋಮಾರಿ?

ರಿಮ್ಮಾ ಪಾವ್ಲೊವ್ನಾ: ಗಾಳೀನ ಲೆಕ್ಕಕ್ಕೇ ತಗೊಳ್ಲಿಲ್ಲ. ಅದಕ್ಕೇ ಮೂರನೇ ಸ್ಥಾನ.

ಪ್ರೆಂಟಿಸ್: ಆದ್ರೂ ತೊಂಬತ್ತು ಮೀಟರ್ ಅಂದ್ರೆ...

ರಿಮ್ಮಾ ಪಾವ್ಲೊವ್ನಾ: ಅದೇನು ಮಹಾ? ನಮ್ಮಲ್ಲಿ ಒಂಬತ್ತನೇ ತರಗತಿ ಹುಡುಗ್ರು ಅದನ್ನ ಬಾಯಲ್ಲೇ ಮಾಡ್ತಾರೆ.

ಪ್ರೆಂಟಿಸ್: ಬಾಯಲ್ಲಿ?

ರಿಮ್ಮಾ ಪಾವ್ಲೊವ್ನಾ: ಬಾಯಲ್ಲೇ. ಕೂತಲ್ಲೇ. ಯಾರಾದ್ರೂ ಕೈ ಉಪಯೋಗಿಸಿದ್ರೆ ಎಬ್ಬಿಸಿ ನಿಲ್ಲಿಸ್ತೀನಿ.

ಪ್ರೆಂಟಿಸ್: ಮತ್ತೆ... ಹಲ್ಲು?

ರಿಮ್ಮಾ ಪಾವ್ಲೊವ್ನಾ: ಹಲ್ಲು ಕಚ್ಚಿಕೊಂಡು ಮಾಡ್ತಾರೆ. ನನ್ನ ಕ್ಲಾಸಲ್ಲಿ ಅಳೋ ಹಾಗಿಲ್ಲ.

ಪ್ರೆಂಟಿಸ್ ಫೋನ್ ಎತ್ತಿಕೊಂಡರು. ಆಟದ ವಿಭಾಗದ ಕೋಚ್ ಡೆನ್ನಿಸ್ ಆ ಕಡೆ ಇದ್ದ.

ಪ್ರೆಂಟಿಸ್: ಡೆನ್ನಿಸ್, ಒಬ್ಬಳು ಹುಡುಗಿ. ತೊಂಬತ್ತು. ಅಡಿ ಅಲ್ಲಪ್ಪಾ, ಮೀಟರ್! ಇಲ್ಲ, ನಾನು ಕುಡಿದಿಲ್ಲ... ಎಲ್ಲಾನೂ ಕೊಡ್ತೀವಿ ಅಂತ ಹೇಳ್ಲಾ? ಸರಿ. (ಫೋನಿಟ್ಟು) ಉಸ್ತಿನ್ಯಾ, ಶುಲ್ಕ, ಕೋಣೆ, ಊಟ, ಎಲ್ಲ ನಮ್ದೇ. ನಾಲ್ಕೂ ವರ್ಷ!

ಉಸ್ತಿನ್ಯಾಗೆ ಕಾಲ ಕೆಳಗಿನ ನೆಲ ಮೆಲ್ಲಗೆ ಮೇಲೆದ್ದಂತಾಯಿತು. ಏಪ್ರಿಲ್‌ನಲ್ಲಿ ವೋಲ್ಗಾದ ಮಂಜುಗಡ್ಡೆ ಬಿರಿಯುವ ಮೊದಲ ರಾತ್ರಿ ದಂಡೆಯ ಮನೆಗಳಲ್ಲಿ ಹೀಗೇ ಆಗುತ್ತದೆ; ನಿದ್ದೆಯಲ್ಲಿದ್ದವರಿಗೂ ಗೊತ್ತಾಗುತ್ತದೆ.

ರಿಮ್ಮಾ ಪಾವ್ಲೊವ್ನಾ (ರಷ್ಯನ್ನಲ್ಲಿ): ಏನೋ ಮೋಸ ಇದೆ. ಪುಕ್ಕಟೆ ಗಿಣ್ಣು ಸಿಗೋದು ಇಲಿಬೋನಲ್ಲಿ ಮಾತ್ರ.

ಉಸ್ತಿನ್ಯಾ (ರಷ್ಯನ್ನಲ್ಲಿ): ಭೌತಶಾಸ್ತ್ರಕ್ಕೆ ಇಲ್ಲಿ ಇಷ್ಟು ಬೆಲೆ ಇದೆ ನೋಡಿ! ನೀವು ಸುಮ್ಮನೆ ಹಳೀತಿದ್ರಿ.

ಪ್ರೆಂಟಿಸ್ ಕಪಾಟಿನಿಂದ ಒಂದು ಕಬ್ಬಿಣದ ಗುಂಡನ್ನು ತಂದು ಉಸ್ತಿನ್ಯಾಳ ಎರಡೂ ಕೈಗೆ ಹಾಕಿದರು. ಕೈಗಳು ಗುಂಡಿನ ಜೊತೆಯಲ್ಲೇ ಕೆಳಗಿಳಿದವು. ಗುಂಡು ನೆಲಹಾಸಿನ ಮೇಲೆ ದೊಪ್ಪೆಂದು ಬಿದ್ದು ರಿಮ್ಮಾ ಪಾವ್ಲೊವ್ನಾರ ಬೂಟಿನ ಬಳಿ ನಿಂತಿತು.

ಉಸ್ತಿನ್ಯಾ: ಇದೇನು ಸರ್?

ಪ್ರೆಂಟಿಸ್: ಗುಂಡು. ನೀವು ಎಸೆಯೋದು. ಪರವಾಗಿಲ್ಲ, ಪರವಾಗಿಲ್ಲ. ದೂರದಿಂದ ಬಂದಿದೀರಿ, ಸುಸ್ತಾಗಿರುತ್ತೆ. ನಿದ್ದೆ ಬೇರೆ ಇಲ್ಲ. ಅಲ್ವಾ?

ಈಗ ಅವಳಿಗೆಲ್ಲ ಹೊಳೆಯಿತು. ಗರಡಿ, ಕಂಚು, ತೂಕ, ಹಲ್ಲು. ಹೌದು ಸರ್, ಸುಸ್ತು ಎಂದರೆ ಇವತ್ತಿನ ಮಟ್ಟಿಗೆ ಆ ಹಸಿರು ಬೆಳಕು ಅವಳದೇ. ಅವಳು ಗುಂಡನ್ನು ನೋಡಿದಳು. ರಿಮ್ಮಾ ಪಾವ್ಲೊವ್ನಾ ಅವಳನ್ನು ನೋಡುತ್ತಿದ್ದರು.

ಉಸ್ತಿನ್ಯಾ: ನಾನು ಎಸೆದಿದ್ದು ಕಾಗದದ ಮೇಲೆ ಸರ್.

ಪ್ರೆಂಟಿಸ್: ಕಾಗದದ ಮೇಲೆ?

ಉಸ್ತಿನ್ಯಾ: ಭೌತಶಾಸ್ತ್ರದ ಒಲಿಂಪಿಯಾಡ್. ಲೆಕ್ಕ ಅದು. ಜಿಮ್ನಾಸಿಯಂ ಅಂದ್ರೆ ನಮ್ಮಲ್ಲಿ ಶಾಲೆ.

ಪ್ರೆಂಟಿಸ್: ಓ. ಓದಿನದ್ದಾ!

ಅವರ ಮುಖದ ನಗು ಹಾಗೇ ಇತ್ತು. ಒಳಗಿನ ದೀಪ ಮಾತ್ರ ಆರಿತ್ತು.

ಪ್ರೆಂಟಿಸ್: ಓದಿನವರ ಸಾಲು ಬಹಳ ಉದ್ದ ಇದೆ ಉಸ್ತಿನ್ಯಾ. ಅರ್ಜಿ ಹಾಕಿ. ಎಲ್ಲರ ಜೊತೆ ನೋಡ್ತೀವಿ. ಬಂದಿದ್ದು ತುಂಬ ಸಂತೋಷ.

ಉಸ್ತಿನ್ಯಾ ಏಳಲು ಹೋದಳು. ಅವಳ ಭುಜದ ಮೇಲೆ ಒಂದು ಕೈ ಬಿತ್ತು. ರಿಮ್ಮಾ ಪಾವ್ಲೊವ್ನಾ ಎದ್ದು ನಿಂತಿದ್ದರು. ಅವರ ಇಂಗ್ಲಿಷ್ ಹಳೆಯ ಪಠ್ಯಪುಸ್ತಕದ್ದು. ಒಂದೊಂದು ಮಾತೂ ಕರಿಹಲಗೆಯ ಮೇಲೆ ಬರೆದ ಹಾಗೆ ಬರುತ್ತಿತ್ತು.

ರಿಮ್ಮಾ ಪಾವ್ಲೊವ್ನಾ: ಒಂದು ನಿಮಿಷ. ಕಬ್ಬಿಣ ಎಸೆಯೋಳಿಗೆ ಕೋಣೆ, ಊಟ. ಕಬ್ಬಿಣ ಯಾಕೆ ಬೀಳುತ್ತೆ ಅಂತ ಹೇಳೋಳಿಗೆ ಅರ್ಜಿ. ಹಾಗೇನಾ?

ಪ್ರೆಂಟಿಸ್: ಹಾಗಲ್ಲ ರಿಮ್ಮಾ...

ರಿಮ್ಮಾ ಪಾವ್ಲೊವ್ನಾ: ರಿಮ್ಮಾ ಪಾವ್ಲೊವ್ನಾ! ನಿಮ್ಮ ಎಸೆಯೋರನ್ನ ಇಲ್ಲಿಗೆ ಕರೀರಿ. ಯಾವ ಕೋನದಲ್ಲಿ ಎಸೆದ್ರೆ ಹೆಚ್ಚು ದೂರ ಹೋಗುತ್ತೆ ಅಂತ ಕೇಳೋಣ.

ಪ್ರೆಂಟಿಸ್: ಅವರನ್ನ ಕೇಳೋ ಹಾಗಿಲ್ಲ. ಮೂರು ಜನ ಭೌತಶಾಸ್ತ್ರದಲ್ಲೇ ಫೇಲು. ಈ ಸಲ ಪಾಸಾಗದಿದ್ರೆ ಮೈದಾನಕ್ಕೆ ಇಳಿಸೋ ಹಾಗಿಲ್ಲ. ಡೆನ್ನಿಸ್ ತಲೆ ಮೇಲೆ ಕೈ ಹೊತ್ತು ಕೂತಿದಾನೆ.

ರಿಮ್ಮಾ ಪಾವ್ಲೊವ್ನಾ: ಇವಳ ಹತ್ರ ಕಳ್ಸಿ! ಕಬ್ಬಿಣಕ್ಕೂ ಅರ್ಥ ಆಗೋ ಹಾಗೆ ಹೇಳಿಕೊಡ್ತಾಳೆ. ನನ್ನ ಕ್ಲಾಸಿನ ಹಿಂದಿನ ಬೆಂಚನ್ನ ಪಾಸು ಮಾಡಿಸಿದ್ದು ನಾನು ಅಂದ್ಕೊಂಡ್ರಾ? ಇವಳು. ಬಿಡುವಲ್ಲಿ, ಕಿಟಕಿ ಕಟ್ಟೆ ಮೇಲೆ ಕೂರಿಸ್ಕೊಂಡು. ಹಲಗೆ ಮೇಲೆ ನಾನು ತಪ್ಪು ಬರೆದ್ರೆ ಇವಳು ಬಾಯಿ ಬಿಡಲ್ಲ, ಪೆನ್ಸಿಲ್ ಕೆಳಗಿಡ್ತಾಳೆ, ನಾನು ತಿದ್ದಿಕೊಳ್ತೀನಿ. ಬೇರೆ ಯಾರಿಗೂ ಗೊತ್ತಾಗಲ್ಲ. ಇಂಥ ತಲೆ ನನಗೆ ಇನ್ನೊಂದು ಸಿಕ್ಕಿಲ್ಲ, ಸಿಗೋದೂ ಇಲ್ಲ. ಇಂಥೋಳನ್ನ ಸಾಲಲ್ಲಿ ನಿಲ್ಲು ಅಂತೀರಲ್ಲ, ನಿಮ್ಮ ಕಣ್ಣು ಕಿತ್ತು ಎಲ್ಲಿಟ್ಟಿದೀರಿ?

ಉಸ್ತಿನ್ಯಾ ಎಲ್ಲಿ ನೋಡಬೇಕೆಂದು ತಿಳಿಯದೆ ಗುಂಡನ್ನೇ ನೋಡಿದಳು. ಅದು ಎರಡೆರಡಾಗಿ ಕಂಡಿತು. ಪ್ರೆಂಟಿಸ್ ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು ಮತ್ತೆ ಫೋನ್ ಎತ್ತಿದರು.

ಪ್ರೆಂಟಿಸ್: ಡೆನ್ನಿಸ್, ಎಸೆಯೋಳು ಅಲ್ವಂತೆ. ತಾಳು, ಕೇಳು. ಪಾಸು ಮಾಡಿಸೋಳು. ಹೌದು, ಅದೇ ವಿಷಯ... ಮೂವರನ್ನೂ! (ಫೋನಿನ ಮೇಲೆ ಕೈ ಮುಚ್ಚಿ) ಅವನು ಅಳ್ತಿದಾನೆ. ಆಟದ ವಿಭಾಗದ ಹೆಸರಲ್ಲಿ ಎಲ್ಲಾನೂ ಕೊಡ್ತಾನಂತೆ. ಶುಲ್ಕ, ಕೋಣೆ, ಊಟ. ಎಸೆಯೋರಿಗೆ ಪಾಠ ಹೇಳ್ಬೇಕು, ಅಷ್ಟೇ.

ರಿಮ್ಮಾ ಪಾವ್ಲೊವ್ನಾ: ಗೊತ್ತಿಲ್ಲದವರಿಗೆ ಸೀಟು, ಗೊತ್ತಿರೋಳಿಗೆ ಅವರ ಮನೆಪಾಠ! ಏಳು ಉಸ್ತಿನ್ಯಾ, ಹೋಗೋಣ.

ಉಸ್ತಿನ್ಯಾ: ನನಗೆ ಒಪ್ಪಿಗೆ ಸರ್.

ರಿಮ್ಮಾ ಪಾವ್ಲೊವ್ನಾ (ರಷ್ಯನ್ನಲ್ಲಿ): ನಾಚಿಕೆ ಇಲ್ವಾ ನಿನಗೆ?

ಉಸ್ತಿನ್ಯಾ (ರಷ್ಯನ್ನಲ್ಲಿ): ಕೆಟ್ಟ ದಾರೀಲಾದ್ರೂ ಭೌತಶಾಸ್ತ್ರದ ಬಾಗಿಲಿಗೇ ತಾನೇ ಹೋಗೋದು?

ಪ್ರೆಂಟಿಸ್: ಏನಂತಾರೆ?

ಉಸ್ತಿನ್ಯಾ: ಆಶೀರ್ವಾದ ಮಾಡಿದ್ರು ಸರ್.

ಹೊರಗೆ ಬಿಸಿಲಿತ್ತು. ಹುಲ್ಲಿನ ಮೇಲೆ ಹುಡುಗರು ಬೋರಲು ಬಿದ್ದು ಓದುತ್ತಿದ್ದರು. ರಿಮ್ಮಾ ಪಾವ್ಲೊವ್ನಾ ಅವರನ್ನು ಸುತ್ತುಹಾಕಿಕೊಂಡು ಕಾಲುದಾರಿಯಲ್ಲೇ ನಡೆದರು. ಉಸ್ತಿನ್ಯಾ ಓಡಿ ಬಂದು ಪಕ್ಕಕ್ಕೆ ಸೇರಿಕೊಂಡಳು.

ಉಸ್ತಿನ್ಯಾ: ರಿಮ್ಮಾ ಪಾವ್ಲೊವ್ನಾ, ಒಳಗೆ ಹೇಳಿದ್ರಲ್ಲ... ಅದು ನಿಜಾನಾ?

ರಿಮ್ಮಾ ಪಾವ್ಲೊವ್ನಾ: ಯಾವುದು?

ಉಸ್ತಿನ್ಯಾ: ಇಂಥ ತಲೆ ಇನ್ನೊಂದು ಸಿಕ್ಕಿಲ್ಲ ಅಂತ.

ರಿಮ್ಮಾ ಪಾವ್ಲೊವ್ನಾ ನಿಂತು ಕೋಟಿನ ಗುಂಡಿಯನ್ನು ಕತ್ತಿನ ತನಕ ಹಾಕಿಕೊಂಡರು.

ರಿಮ್ಮಾ ಪಾವ್ಲೊವ್ನಾ: ಅದು ಇಂಗ್ಲಿಷಲ್ಲಿ ಹೇಳಿದ್ದು. ರಷ್ಯನ್ನಲ್ಲಿ ನಾನು ಏನೂ ಹೇಳಿಲ್ಲ. ನಡಿ.